ಟ್ರಾನ್ಸ್ ಸಂಗ್ರಹದ ಮರುವಿಂಗಡಣೆ: ಒಂದು ಕಾಲಂ ಒಡೆದು ಮೂರಾಗಿದೆ

ಎಲೆಕ್ಟ್ರಾನಿಕ್ ಸಂಗೀತದ ನನ್ನ ಸಂಗ್ರಹವನ್ನು ಹೊಸದಾಗಿ ವಿಂಗಡಿಸುವ ಕೆಲಸ ಕೊನೆಗೂ ಟ್ರಾನ್ಸ್‌ಗೆ, ಅಂದರೆ ಒಂದು ಸಣ್ಣ ರಾಗದ ತುಣುಕು ಸುತ್ತುತ್ತಲೇ ಇರುವ ಕುಣಿತದ ಸಂಗೀತಕ್ಕೆ, ಬಂದು ನಿಂತಿದೆ. ಹೌಸ್ ಮುಗಿದಿದೆ, ಡ್ರಮ್ ಅಂಡ್ ಬೇಸ್ ಮುಗಿದಿದೆ. ಅವೆರಡೂ ಬೇಗ ಸಾಗಿದವು. ಟ್ರಾನ್ಸ್ ಫೋಲ್ಡರ್ ತೆರೆದ ಮೇಲೆ ಮಾತ್ರ ಕೆಲಸಕ್ಕಿಂತ ಯಾವುದನ್ನು ಟ್ರಾನ್ಸ್ ಅನ್ನಬೇಕು ಎಂಬ ವಾದವೇ ಹೆಚ್ಚಾಗಿದೆ. ಈ ವಾದ ನನಗೆ ತುಂಬಾ ಇಷ್ಟವಾದದ್ದು, ಹಾಗಾಗಿ ಈ ಸಲದ ಟಿಪ್ಪಣಿ ಪೂರ್ತಿ ಅದರ ಬಗ್ಗೆಯೇ.

ಮೊದಲು ಫೈಲಿನ ಒಳಗಿನ ತೊಡಕು. ಎಂಪಿ3 ಫೈಲಿನ ಕೊನೆಗೆ ಹಾಡಿನ ವಿವರ ಸೇರಿಸುವ ಐಡಿ3 ಪದ್ಧತಿ 1996ರಲ್ಲಿ ಬಂದಾಗ ಎಲ್ಲ ವಿವರಕ್ಕೂ ಸೇರಿ ಇದ್ದದ್ದು 128 ಬೈಟ್ ಜಾಗ. ಅದರಲ್ಲಿ ಪ್ರಕಾರಕ್ಕೆ ಸಿಕ್ಕಿದ್ದು ಒಂದೇ ಬೈಟ್. ಹೆಸರು ಬರೆಯುವ ಹಾಗಿಲ್ಲ, ಸಿದ್ಧಪಟ್ಟಿಯ ಒಂದು ಸಂಖ್ಯೆ ಹಾಕಬೇಕು. ಟೆಕ್ನೋ 18, ಟ್ರಾನ್ಸ್ 31, ಹೌಸ್ 35. ಮೂಲ ಪಟ್ಟಿ 79ಕ್ಕೆ ನಿಲ್ಲುತ್ತಿತ್ತು. ಆಮೇಲೆ ವಿನ್‌ಆಂಪ್ ಪ್ಲೇಯರಿನವರು ಅದನ್ನು ಬೆಳೆಸಿದಾಗ ಗೋವಾದ ಪಾರ್ಟಿಗಳಲ್ಲಿ ಬೆಳೆದ ಗೋವಾ ಟ್ರಾನ್ಸ್‌ಗೆ 126 ಸಿಕ್ಕಿತು. ನನ್ನ ಹಳೆಯ ಫೈಲುಗಳಲ್ಲಿ ಒಂದೇ ಆಲ್ಬಮ್ಮಿನ ಅರ್ಧ ಹಾಡು 31, ಇನ್ನರ್ಧ 126 ಅಂತ ಕೂತಿವೆ. ಒಂದು ಹಾಡಿಗೆ ಒಂದೇ ಪ್ರಕಾರ ಎಂಬ ನಂಬಿಕೆ ನಮ್ಮ ತಲೆಯಲ್ಲಿ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಆ ಒಂದು ಬೈಟೂ ಒಂದು ಕಾರಣ ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗಿನ ಟ್ಯಾಗ್‌ಗಳಲ್ಲಿ ಆ ಕಟ್ಟು ಇಲ್ಲ, ಬೇಕಾದಷ್ಟು ಸ್ವಂತ ಕಾಲಂ ಮಾಡಿಕೊಳ್ಳಬಹುದು. ನಾನು ಪ್ರಕಾರದ ಕಾಲಂ ಒಡೆದು ಮೂರು ಮಾಡಿದ್ದೇನೆ: ಮೂಲ, ಕಟ್ಟಡ, ಮಾಧ್ಯಮ. ಮೂಲ ಅಂದರೆ ಯಾವ ಊರಿನ, ಯಾವ ಬಳಗದ ಸಂಗೀತ. ಕಟ್ಟಡ ಅಂದರೆ ಬೇಸ್‌ಲೈನ್ (ತಗ್ಗು ಸ್ವರಗಳ ಸಾಲು) ಹೇಗಿದೆ, ಬ್ರೇಕ್‌ಡೌನ್ (ಡ್ರಮ್ ನಿಲ್ಲುವ ಭಾಗ) ಇದೆಯೇ, ರಾಗದ ತುಣುಕು ಹೇಗೆ ಬೆಳೆಯುತ್ತದೆ. ಮಾಧ್ಯಮ ಅಂದರೆ ಡೀಜೆ ಅದನ್ನು ಯಾವುದರಿಂದ ನುಡಿಸಲಿ ಅಂತ ಮಾಡಿದ್ದು: ವಿನೈಲ್ ತಟ್ಟೆಯೋ, ಟೇಪೋ, ಫೈಲೋ. ಮೂರನೆಯದು ಯಾಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದರ ಶ್ರೇಯಸ್ಸು ಕಾರವಾರದ ನನ್ನ ಗೆಳೆಯನಿಗೆ.

ವೇಗವನ್ನು ಅಳತೆಗೋಲು ಮಾಡಬಾರದು ಎಂಬುದು ಮೊದಲ ತೀರ್ಮಾನ. 'ನಿಜವಾದ ಟ್ರಾನ್ಸ್ ಅಂದರೆ ನಿಮಿಷಕ್ಕೆ 138 ಬೀಟ್' ಎಂದು ಹೇಳುವವರು ಬಹಳ. ಡಚ್ ಡೀಜೆ ಆರ್ಮಿನ್ ವಾನ್ ಬ್ಯೂರೆನ್ 2013ರಲ್ಲಿ 'ಹೂ ಈಸ್ ಅಫ್ರೇಡ್ ಆಫ್ 138?!' ಅಂತಲೇ ಟ್ರ್ಯಾಕ್ ಮಾಡಿದ್ದು ಆ ಜಗಳದ ನಡುವೆ. ಆದರೆ ಅದೇ ವೇಗದಲ್ಲಿ ಟೆಕ್ನೋ ಇದೆ, ಹಾರ್ಡ್ ಹೌಸ್ ಇದೆ. ಪ್ರೋಗ್ರೆಸಿವ್ ಟ್ರಾನ್ಸ್ 130ರ ಆಸುಪಾಸಿನಲ್ಲೇ ಓಡಾಡುತ್ತದೆ. ಧಾರವಾಡದ ಕಡೆ ಹಿಂದೂಸ್ತಾನಿ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಪ್ ಮತ್ತು ದೇಶಕಾರ್ ಎರಡಕ್ಕೂ ಸ, ರಿ, ಗ, ಪ, ದ ಅದೇ ಐದು ಸ್ವರ. ಒಂದರಲ್ಲಿ ತೂಕ ಗಾಂಧಾರದ ಮೇಲೆ, ಇನ್ನೊಂದರಲ್ಲಿ ಧೈವತದ ಮೇಲೆ. ಸ್ವರ ಎಣಿಸಿದರೆ ಎರಡೂ ಒಂದೇ, ಕೇಳಿದರೆ ಎರಡು ಬೇರೆ ರಾಗ. ಬೀಟ್ ಎಣಿಸಿ ಟ್ರಾನ್ಸ್ ಹಿಡಿಯಲು ಹೋದರೂ ಹಾಗೇ ಆಗುತ್ತದೆ. ಎಣಿಕೆ ಸಿಗುತ್ತದೆ, ತೂಕ ಎಲ್ಲಿದೆ ಎಂಬುದು ಸಿಗುವುದಿಲ್ಲ.

ಸಿಂಥ್‌ನ, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡಿನ, ಸದ್ದನ್ನೂ ಅಳತೆಗೋಲು ಮಾಡದೆ ಬಿಟ್ಟಿದ್ದೇನೆ. ರೋಲ್ಯಾಂಡ್ ಜೆಪಿ-8000 ಎಂಬ ಸಿಂಥ್ ಬಂದದ್ದು 1996ರಲ್ಲಿ. ಅದರ ಸೂಪರ್‌ಸಾ ಎಂಬ ದಟ್ಟ ಸದ್ದು ಇಲ್ಲದೆ 1999ರ ಟ್ರಾನ್ಸನ್ನು ಊಹಿಸಿಕೊಳ್ಳುವುದೂ ಕಷ್ಟ. ಆದರೆ ಆ ಸದ್ದನ್ನೇ ಗುರುತು ಮಾಡಿಕೊಂಡರೆ 1996ಕ್ಕಿಂತ ಹಿಂದಿನ, ಜರ್ಮನಿಯ ಫ್ರಾಂಕ್‌ಫರ್ಟ್, ಬರ್ಲಿನ್‌ಗಳ ಟ್ರಾನ್ಸ್ ಪೂರ್ತಿ ಹೊರಗುಳಿಯುತ್ತದೆ, ಆಮೇಲಿನ ಪಾಪ್ ಹಾಡುಗಳೆಲ್ಲ ಒಳಗೆ ಬರುತ್ತವೆ.

ಇನ್ನು ಗೆಳೆಯನ ಜೊತೆಗಿನ ವಾದ. ಗೋವಾ ಟ್ರಾನ್ಸನ್ನು ನಾನು ಮೊದಲು ಟ್ರಾನ್ಸ್‌ನ ಕೆಳಗೆ ಉಪವಿಭಾಗವಾಗಿ ಇಡಬೇಕೆಂದಿದ್ದೆ. ಪಟ್ಟಿ ಕಳಿಸಿದ ಕೂಡಲೇ ಫೋನ್ ಬಂತು. "ಅದ್ ಹ್ಯಾಂಗೆ ಕೆಳಗೆ ಹೋಗ್ತದೆ ಮಾರಾಯಾ? ಫ್ರಾಂಕ್‌ಫರ್ಟಿನವ್ರು ಶುರು ಮಾಡೋ ಮೊದ್ಲೇ ಅಂಜುನಾದಲ್ಲಿ ಬೆಳಗಾಗೂವರೆಗೆ ಕುಣೀತಿದ್ರು." ಅಂಜುನಾ ಗೋವಾದ ಕಡಲತೀರ. ಕಾರವಾರದವನಿಗೆ ಗೋವಾ ಪಕ್ಕದ ಮನೆ, ಅಭಿಮಾನ ಇರುವುದೇ. ಆದರೆ ಅವನ ವಾದ ಅಭಿಮಾನಕ್ಕೆ ನಿಲ್ಲುವುದಿಲ್ಲ.

1980ರ ದಶಕದ ಗೋವಾ ಪಾರ್ಟಿಗಳಲ್ಲಿ ಲಾರೆಂಟ್, ಗೋವಾ ಗಿಲ್ ಮುಂತಾದ ಡೀಜೆಗಳು ನುಡಿಸುತ್ತಿದ್ದದ್ದು ಫ್ರಂಟ್ 242, ಕ್ಯಾಬರೆ ವಾಲ್ಟೇರ್ ತರಹದ ಯುರೋಪಿನ ಬ್ಯಾಂಡುಗಳ ಎಲೆಕ್ಟ್ರಾನಿಕ್ ಸಂಗೀತ. ಹಾಡಿನ ಮಾತು ಕತ್ತರಿಸಿ, ವಾದ್ಯದ ಭಾಗವನ್ನು ಉದ್ದ ಮಾಡಿ, ಕ್ಯಾಸೆಟ್ಟಿನಲ್ಲಿ ನುಡಿಸುತ್ತಿದ್ದರು. ಆ ಬಿಸಿಲಿಗೆ, ಧೂಳಿಗೆ ವಿನೈಲ್ ತಟ್ಟೆ ಬಾಗಿ ಹಾಳಾಗುತ್ತಿತ್ತು. ಮುಂದೆ ಡ್ಯಾಟ್ ಎಂಬ ಸಣ್ಣ ಡಿಜಿಟಲ್ ಟೇಪ್ ಬಂದು ಕ್ಯಾಸೆಟ್ಟಿನ ಜಾಗ ಹಿಡಿಯಿತು. ಅವರು ಬಳಸುತ್ತಿದ್ದ ಡ್ಯಾಟ್ ಯಂತ್ರಗಳಲ್ಲಿ, ವಿನೈಲ್ ತಟ್ಟೆ ತಿರುಗಿಸುವ ಟರ್ನ್‌ಟೇಬಲ್ಲಿನ ಹಾಗೆ ವೇಗ ಹಿಗ್ಗಿಸಿ ಕುಗ್ಗಿಸಿ ಎರಡು ಹಾಡಿನ ಬೀಟ್ ಹೊಂದಿಸಲು ಆಗುತ್ತಿರಲಿಲ್ಲ. ಹಾಗಾಗಿ ಗೋವಾ ಟ್ರ್ಯಾಕುಗಳು ಬೀಟ್ ಇಲ್ಲದೆ ಮೆಲ್ಲಗೆ ತೆರೆದುಕೊಳ್ಳುತ್ತವೆ, ಮೆಲ್ಲಗೆ ಕರಗುತ್ತವೆ. ಒಂದರ ಬಾಲದ ಮೇಲೆ ಇನ್ನೊಂದರ ತಲೆ ಇಟ್ಟರೆ ಸಾಕು. ಫ್ರಾಂಕ್‌ಫರ್ಟಿನ ಓಮನ್ ಕ್ಲಬ್ಬಿನಲ್ಲಿ, ಡೋರಿಯನ್ ಗ್ರೇನಲ್ಲಿ ವಿನೈಲ್ ನಡೆಯುತ್ತಿತ್ತು. ಅಲ್ಲಿನ ಟ್ರ್ಯಾಕುಗಳು ಬರಿಯ ಡ್ರಮ್ಮಿನಿಂದ ಶುರುವಾಗಿ ಡ್ರಮ್ಮಿನಲ್ಲೇ ಮುಗಿಯುತ್ತವೆ, ಡೀಜೆಗೆ ಬೀಟ್ ಹೊಂದಿಸಲು ಜಾಗ ಬೇಕಲ್ಲ. ಆರಂಭದ ಒಂದು ನಿಮಿಷ ಕೇಳಿದರೆ ಹಾಡು ಯಾವ ಯಂತ್ರಕ್ಕಾಗಿ ಹುಟ್ಟಿತು ಅಂತ ಬಹುಮಟ್ಟಿಗೆ ಗೊತ್ತಾಗುತ್ತದೆ. ಇದು ನನಗೆ ಈ ಇಡೀ ಕೆಲಸದಲ್ಲಿ ಸಿಕ್ಕ ಅತ್ಯಂತ ಸಂತೋಷದ ಸಂಗತಿ. ಮಾಧ್ಯಮದ ಕಾಲಂ ಹುಟ್ಟಿದ್ದು ಹೀಗೆ.

ಬೇಸ್‌ಲೈನೂ ಅವನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಗೋವಾದಿಂದ ಮುಂದೆ ಬೆಳೆದ ಸೈಟ್ರಾನ್ಸ್‌ನಲ್ಲಿ ಒಂದು ಬೀಟನ್ನು ನಾಲ್ಕು ಪಾಲು ಮಾಡಿ, ಮೊದಲ ಪಾಲು ಕಿಕ್‌ಗೆ (ದೊಡ್ಡ ಡ್ರಮ್ಮಿನ ಪೆಟ್ಟಿಗೆ), ಉಳಿದ ಮೂರು ಬೇಸ್‌ಗೆ ಕೊಡುವುದು ವಾಡಿಕೆ. 145ರ ವೇಗದಲ್ಲಿ ಒಂದೊಂದು ಪಾಲಿಗೆ ಸುಮಾರು 103 ಮಿಲಿಸೆಕೆಂಡು. ಆ ಓಟದಲ್ಲಿ ಬಿಡುವೇ ಇಲ್ಲ. ಜರ್ಮನಿ, ಹಾಲೆಂಡಿನ ಟ್ರಾನ್ಸ್‌ನಲ್ಲಿ ಬೇಸ್ ಹೆಚ್ಚಾಗಿ ಎರಡು ಕಿಕ್‌ಗಳ ನಡುವೆ ಪುಟಿಯುತ್ತದೆ. ನಡುವೆ ಡ್ರಮ್ ಪೂರ್ತಿ ನಿಂತು, ರಾಗ ಒಂದೇ ಉಳಿದು, ಮತ್ತೆ ಎಲ್ಲ ಒಟ್ಟಿಗೆ ಎದ್ದು ಬರುವ ಬ್ರೇಕ್‌ಡೌನ್ ಅದರ ಪ್ರಾಣ. 138ರ ವೇಗದಲ್ಲಿ 16 ಬಾರ್ (ಒಂದು ಬಾರಿಗೆ ನಾಲ್ಕು ಬೀಟ್) ಅಂದರೆ ಸುಮಾರು 28 ಸೆಕೆಂಡು. ಅಂಥ ಎರಡೋ ಮೂರೋ ಸುತ್ತು ಕಿಕ್ ಇಲ್ಲದೆ ಕಾಯಿಸಿ ಆಮೇಲೆ ಬಿಡುವುದರಲ್ಲಿ 1999ರ ಟ್ರಾನ್ಸ್‌ನ ಕಲೆ ಇದೆ. ಗೋವಾದವರು ಹಾಗೆ ಕಾಯಿಸಿ ಬಿಡುವವರಲ್ಲ, ಪದರದ ಮೇಲೆ ಪದರ ಹೆಣೆಯುತ್ತ ಹೋಗುವವರು. ಗೋವಾ ಟ್ರಾನ್ಸ್ ಕಲಾವಿದ ಹ್ಯಾಲುಸಿನೋಜನ್‌ನ 1995ರ 'ಟ್ವಿಸ್ಟೆಡ್' ಆಲ್ಬಮ್ ಒಮ್ಮೆ ಹೆಡ್‌ಫೋನಿನಲ್ಲಿ ಕೇಳಿದರೆ ಇದು ತಾನಾಗೇ ತಿಳಿಯುತ್ತದೆ.

ಹೀಗಾಗಿ ಗೋವಾ ಈಗ ನನ್ನ ಪಟ್ಟಿಯಲ್ಲಿ ಸ್ವತಂತ್ರ ಮೂಲ. ಆದರೆ 'ಟ್ರಾನ್ಸ್' ಎಂಬ ಹೆಸರನ್ನು ಅದರಿಂದ ಕಿತ್ತು ಹಾಕಬೇಕು ಎಂಬ ಗೆಳೆಯನ ಇನ್ನೊಂದು ಬೇಡಿಕೆಯನ್ನು ನಾನು ಒಪ್ಪಿಲ್ಲ. ಒಂದು ಸಣ್ಣ ರಾಗದ ತುಣುಕು ಸುತ್ತುತ್ತಲೇ ಇದ್ದು, ಸದ್ದನ್ನು ಮಸುಕಾಗಿಸಿದ್ದ ಫಿಲ್ಟರ್ ನಿಧಾನಕ್ಕೆ ತೆರೆಯುತ್ತ, ಕೇಳುವವನ ಮನಸ್ಸು ಅದರಲ್ಲೇ ನೆಟ್ಟು ನಿಲ್ಲುವುದು ಎರಡೂ ಕಡೆ ಇದೆ. ಬ್ರೇಕ್‌ಡೌನ್ ಐಚ್ಛಿಕ, ಈ ಸುತ್ತು ಕಡ್ಡಾಯ. ಕಟ್ಟಡದ ಕಾಲಂನಲ್ಲಿ 'ಟ್ರಾನ್ಸ್' ಅಂತ ಬರೆಯಲು ನಾನು ಕೇಳುವ ಪ್ರಶ್ನೆ ಇದೊಂದೇ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು 'ದಿ ಏಜ್ ಆಫ್ ಲವ್' ಹಾಡನ್ನು ತೆಗೆದುಕೊಂಡೆ. 1990ರ ಮೊದಲ ಆವೃತ್ತಿ ಬೆಲ್ಜಿಯಂನ ಡೀಕಿ ಲೇಬಲ್ಲಿನದು. 1992ರಲ್ಲಿ ಫ್ರಾಂಕ್‌ಫರ್ಟಿನ ಜ್ಯಾಮ್ ಅಂಡ್ ಸ್ಪೂನ್ ಮಾಡಿದ ರೀಮಿಕ್ಸ್‌ನಿಂದಲೇ ಅದು ಟ್ರಾನ್ಸ್‌ನ ಮೊದಲ ದೊಡ್ಡ ಹಾಡುಗಳಲ್ಲಿ ಒಂದೆನಿಸಿತು. 2021ರಲ್ಲಿ ಶಾರ್ಲಟ್ ಡಿ ವಿಟ್ಟ ಮತ್ತು ಎನ್ರಿಕೋ ಸಾಂಜುಲಿಯಾನೋ ಮಾಡಿದ ರೀಮಿಕ್ಸ್ ಟೆಕ್ನೋ ಡೀಜೆಗಳ ಕೈಗೆ ಹೋಯಿತು. ಹಾಡು ಒಂದೇ, ರಾಗ ಒಂದೇ. 1992ರದ್ದಕ್ಕೂ 2021ರದ್ದಕ್ಕೂ ಕಟ್ಟಡದಲ್ಲಿ ಟ್ರಾನ್ಸ್ ಎಂದೇ ಬರೆದಿದ್ದೇನೆ, ಮೂಲದಲ್ಲಿ ಮಾತ್ರ ಎರಡನೆಯದಕ್ಕೆ ಟೆಕ್ನೋ. ಎನರ್ಜಿ 52ರ 'ಕಫೆ ಡೆಲ್ ಮಾರ್' ಕೂಡ ಹಾಗೇ, 1993ರ ಮೊದಲ ಆವೃತ್ತಿ ಒಂದು ಬಗೆ, 1997ರ ಥ್ರೀ ಎನ್ ಒನ್ ರೀಮಿಕ್ಸ್ ಇನ್ನೊಂದು ಬಗೆ. ಪ್ರಕಾರ ಹಾಡಿನದಲ್ಲ, ಆವೃತ್ತಿಯದು. ಡಿಸ್ಕಾಗ್ಸ್ ಎಂಬ ಸಂಗೀತ ಮಾಹಿತಿಯ ಜಾಲತಾಣದಿಂದ ವಿವರ ಎಳೆದುಕೊಳ್ಳುವವರು ಇದನ್ನು ಗಮನಿಸಬೇಕು. ಅಲ್ಲಿ ಶೈಲಿಯ ಹೆಸರು ಇಡೀ ತಟ್ಟೆಗೆ ಬೀಳುತ್ತದೆ, ಒಂದೊಂದು ಟ್ರ್ಯಾಕಿಗೆ ಅಲ್ಲ. ಎ ಬದಿ ಟ್ರಾನ್ಸ್, ಬಿ ಬದಿ ಟೆಕ್ನೋ ಇದ್ದರೆ ಎರಡೂ ಹೆಸರು ಎರಡೂ ಬದಿಗೆ ಅಂಟುತ್ತವೆ. ಅದಕ್ಕೇ ಕಟ್ಟಡದ ಕಾಲಂ ಮಾತ್ರ ಕೈಯಿಂದಲೇ ತುಂಬುತ್ತಿದ್ದೇನೆ, ಪ್ರತಿ ಆವೃತ್ತಿಯನ್ನೂ ಕೇಳಿ.

ಫ್ರಾಂಕ್‌ಫರ್ಟ್, ಬರ್ಲಿನ್, ಗೋವಾ ಮೂರೂ ತುಂಬಿ ಆಗಿದೆ. ಡಚ್ ಭಾಗ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಹಾರ್ಡ್ ಟ್ರಾನ್ಸ್ ಇನ್ನೂ ಮುಟ್ಟಿಲ್ಲ.

ಮುಂದಿನದು ಹೌಸ್‌ಗೂ ಟ್ರಾನ್ಸ್‌ಗೂ ನಡುವಿನ ಬ್ರಿಟನ್ನಿನ ಪ್ರೋಗ್ರೆಸಿವ್, ಅದು ಸುಲಭಕ್ಕೆ ಮಣಿಯುವಂತೆ ಕಾಣುತ್ತಿಲ್ಲ. ಅಲ್ಲಿ ನನ್ನ ಬಳಿ ಇರುವುದರಲ್ಲಿ ಹೆಚ್ಚಿನವು ಸಾಶಾ ಮತ್ತು ಡಿಗ್‌ವೀಡ್ ಎಂಬ ಡೀಜೆಗಳ 1996ರ 'ನಾರ್ದರ್ನ್ ಎಕ್ಸ್‌ಪೋಷರ್' ತರಹದ ಮಿಕ್ಸ್ ಸೀಡಿಗಳು. ಒಂದು ಹಾಡು ಇನ್ನೊಂದರಲ್ಲಿ ಬೆರೆತೇ ಬರುವುದರಿಂದ ತಲೆಯೂ ಬಾಲವೂ ಕೇಳಲು ಸಿಗುವುದಿಲ್ಲ. ಹೌಸ್ ಎಲ್ಲಿ ಮುಗಿಯಿತು, ಟ್ರಾನ್ಸ್ ಎಲ್ಲಿ ಶುರುವಾಯಿತು ಎಂಬುದು ಡೀಜೆ ಅದನ್ನು ಯಾವುದರ ಪಕ್ಕ ಇಟ್ಟ ಎಂಬುದರ ಮೇಲೂ ನಿಂತಿರುತ್ತದೆ. ಆದ್ದರಿಂದ ಅವುಗಳಿಗೆ ಸದ್ಯ ಮೂಲವನ್ನಷ್ಟೇ ತುಂಬಿ, ಕಟ್ಟಡ ಮತ್ತು ಮಾಧ್ಯಮವನ್ನು ಖಾಲಿ ಬಿಡುತ್ತೇನೆ. ಬಿಡಿ ಟ್ರ್ಯಾಕುಗಳ 12 ಇಂಚಿನ ಆವೃತ್ತಿ ಯಾರ ಬಳಿಯಾದರೂ ಇದ್ದರೆ ತಿಳಿಸಿ, ಆರಂಭದ ಎರಡು ನಿಮಿಷ ಕೇಳಿಸಿದರೂ ಸಾಕು.