ನಾಲ್ಕನೇ ತರಗತಿಗೂ ತಟ್ಟೆ ಬೇಕು

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯವರೆಗಿನ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ಕೊಠಡಿಯಲ್ಲಿ ಮೂರು ವರ್ಷ ತನ್ನ ವೇಗದಲ್ಲೇ ಕಲಿತ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರ ಜೊತೆ ಒಂದೇ ಪುಟ ತೆರೆಯಬೇಕು. ಇಲ್ಲೂ ಹಂತಕ್ಕೆ ತಕ್ಕಂತೆ ಕಲಿಸಬಹುದಲ್ಲ ಎಂದರೆ ಬಹಳಷ್ಟು ಶಿಕ್ಷಕರು "ಸರಿ, ಸಿಲಬಸ್ ಮುಗಿಸೋದು ಯಾವಾಗ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

1995ರಲ್ಲಿ ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಕೊಂಡು, ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು ನಲಿ-ಕಲಿ. ಅದರ ಜೀವ ಇರುವುದು ಐದು ತಟ್ಟೆಗಳಲ್ಲಿ, ಅಂದರೆ ಎಷ್ಟು ನೆರವು ಬೇಕೋ ಅದಕ್ಕೆ ತಕ್ಕಂತೆ ಮಕ್ಕಳು ಕೂರುವ ಗುಂಪುಗಳಲ್ಲಿ: ಶಿಕ್ಷಕರ ಪೂರ್ಣ ಬೆಂಬಲ, ಭಾಗಶಃ ಬೆಂಬಲ, ಗೆಳೆಯರ ಪೂರ್ಣ ಬೆಂಬಲ, ಭಾಗಶಃ ಬೆಂಬಲ, ಕೊನೆಗೆ ಸ್ವಕಲಿಕೆ. ಅಕ್ಷರಗಳೂ ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಕಲಿತ ಮಗು ಅಷ್ಟರಲ್ಲೇ ಸರ, ಗರಗಸ, ಅರಸ ಓದಿಬಿಡುತ್ತದೆ. ಎಷ್ಟು ಜಾಣತನದ ಜೋಡಣೆ!

ಇದು ಕೆಡುವುದು ಸಣ್ಣ ಕಾರಣಗಳಿಗೆ. ಕಲಿಕೆಯ ಹಂತಗಳನ್ನು ಕ್ರಮವಾಗಿ ತೋರಿಸುವ ಏಣಿಯ ನಡುವಿನ ಒಂದು ಚಟುವಟಿಕೆ ಕಾರ್ಡು ಕಳೆದುಹೋದರೆ ಆ ಹಂತದ ಮಕ್ಕಳೆಲ್ಲ ಅಲ್ಲೇ ನಿಲ್ಲುತ್ತಾರೆ. ಶಿಕ್ಷಕರು ಮೊದಲ ತಟ್ಟೆ ಬಿಟ್ಟು ದಾಖಲೆ ತುಂಬಲು ಕೂತರೆ ಉಳಿದ ನಾಲ್ಕು ತಟ್ಟೆಗಳಿಗೆ ಹೊಸ ಕಲಿಕೆ ಹರಿಯುವುದೇ ಇಲ್ಲ. ಒಬ್ಬರ ಕೈಲಿ ಮೂವತ್ತಕ್ಕಿಂತ ಹೆಚ್ಚು ಮಕ್ಕಳಿದ್ದರಂತೂ ಕಷ್ಟ.

ನಾಲ್ಕನೇ ತರಗತಿಗೆ ಐದು ತಟ್ಟೆ ಬೇಡ, ಮೂರು ಸಾಕು. ಅದೂ ಎಲ್ಲ ವಿಷಯಕ್ಕಲ್ಲ, ಗಣಿತಕ್ಕೆ ಮತ್ತು ಓದಿಗೆ. ವ್ಯವಕಲನವನ್ನೇ ತೆಗೆದುಕೊಳ್ಳಿ. ಪಾಠಕ್ಕೆ ಮುಂಚೆ ಚೀಟಿಯಲ್ಲಿ ಮೂರು ಲೆಕ್ಕ ಕೊಡಿ: 47-23, 52-27, 300-148. ಎಷ್ಟು ಸರಿ ಅಂತ ಎಣಿಸಬೇಡಿ, ತಪ್ಪು ಉತ್ತರ ಓದಿ. 52-27ಕ್ಕೆ 35 ಬರೆದ ಮಗು ಏಳರಲ್ಲಿ ಎರಡು ಕಳೆದಿದೆ, ಅಂದರೆ ಚಿಕ್ಕದನ್ನು ದೊಡ್ಡದರಿಂದ ಕಳೆಯುವ ಅಭ್ಯಾಸ. 300-148ಕ್ಕೆ 248 ಬಂದರೂ ಅದೇ ರೋಗ. ಈ ಮಕ್ಕಳಿಗೆ ಇನ್ನಿಪ್ಪತ್ತು ಲೆಕ್ಕ ಕೊಟ್ಟರೆ ತಪ್ಪೇ ಗಟ್ಟಿಯಾಗುತ್ತದೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಬಿಡಿ ಎರಡು ಕಡ್ಡಿ ಮುಂದಿಡಿ. ಏಳು ಕಡ್ಡಿ ಕೊಡು ಅಂದಾಗ ಒಂದು ಕಟ್ಟು ಬಿಚ್ಚದೆ ಗತಿಯಿಲ್ಲ. ಬಿಚ್ಚಿದ ಮೇಲೆ ಕಟ್ಟು ನಾಲ್ಕು, ಬಿಡಿ ಹನ್ನೆರಡು. ಇದನ್ನು ಮಗುವೇ ಬಾಯಿಬಿಟ್ಟು ಹೇಳಬೇಕು, ಆಮೇಲೆ ಸ್ಲೇಟು.

ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಮೊದಲ ಐದು ನಿಮಿಷ ಇಡೀ ತರಗತಿಗೆ, ಮುಂದಿನ ಇಪ್ಪತ್ತು ನಿಮಿಷ ಕಡ್ಡಿ ತಟ್ಟೆಗೆ, ಅಂದರೆ ಹೀಗೆ ತಪ್ಪಿದ ಮಕ್ಕಳ ಮೊದಲ ಗುಂಪಿಗೆ. ಇನ್ನಷ್ಟು ಅಭ್ಯಾಸ ಬೇಕಾದ ಎರಡನೇ ಗುಂಪು ಜೋಡಿಯಾಗಿ ಪುಸ್ತಕದ ಲೆಕ್ಕ ಮಾಡಿ ಉತ್ತರಕ್ಕೆ ಕಳೆದ ಸಂಖ್ಯೆ ಕೂಡಿಸಿ ತಾಳೆ ನೋಡಲಿ. ಸಲೀಸಾಗಿ ಮಾಡುವ ಮೂರನೇ ಗುಂಪಿನವರಿಗೆ ಅದೇ ಲೆಕ್ಕ ಹೆಚ್ಚುವರಿಯಾಗಿ ಕೊಡುವುದು ಶಿಕ್ಷೆ ಕೊಟ್ಟ ಹಾಗೆ. ಸಂತೆಯ ದರಪಟ್ಟಿ ಕೊಟ್ಟು ಅವರೇ ಲೆಕ್ಕ ಕಟ್ಟಲಿ. ಉಳಿದ ಹದಿನೈದು ನಿಮಿಷ ಆ ಎರಡು ಗುಂಪುಗಳ ನಡುವೆ ಓಡಾಡಿ.

ಶಿಕ್ಷಕರ ದೊಡ್ಡ ಅಂಜಿಕೆ, ಕೆಳಗಿನ ಗುಂಪಿಗೆ "ದಡ್ಡರ ಗುಂಪು" ಎಂಬ ಹೆಸರು ಬೀಳುತ್ತದೆ ಅಂತ. ಗುಂಪು ವರ್ಷವಿಡೀ ಹಾಗೇ ಇದ್ದರೆ ಖಂಡಿತ ಬೀಳುತ್ತದೆ. ಎರಡು ವಾರಕ್ಕೊಮ್ಮೆ ಹೊಸ ಚೀಟಿ ಕೊಟ್ಟು ಗುಂಪು ಒಡೆಯಿರಿ. ವ್ಯವಕಲನದಲ್ಲಿ ತಡವರಿಸಿದ ಹುಡುಗಿ ಅಳತೆಯ ಪಾಠಕ್ಕೆ ಮೂರನೇ ತಟ್ಟೆಯಲ್ಲಿ ಕೂರಬಹುದು. ಸಿಲಬಸ್ಸಿಗೆ ವಾರದಲ್ಲಿ ಮೂರು ಪೀರಿಯಡ್ ಬಿಟ್ಟು, ತಟ್ಟೆಗೆ ಎರಡನ್ನು ವೇಳಾಪಟ್ಟಿಯಲ್ಲೇ ಬರೆದಿಡಿ.