ಇದು ತಪ್ಪಿದರೆ ಮುಂದಿನದು ಯಾವಾಗ? ಸಾಂಬ್ರಾದಲ್ಲಿ ಕಳೆದ ಆರು ಗಂಟೆ

ನಾನು ಪ್ಯಾಕಿಂಗ್ ಯಂತ್ರ ಮಾಡುವ ಒಂದು ಕಂಪನಿಯಲ್ಲಿ ಸರ್ವಿಸ್ ವಿಭಾಗ ನೋಡಿಕೊಳ್ಳುತ್ತೇನೆ. ಖಾರ, ಚಿಪ್ಸ್, ಕಾಫಿಪುಡಿ, ಬೇಳೆ ಇವನ್ನೆಲ್ಲ ತೂಗಿ, ಪೌಚ್‌ಗೆ ತುಂಬಿ, ಸೀಲ್ ಮಾಡುವ ಯಂತ್ರಗಳು ನಮ್ಮವು. ಎಲ್ಲಾದರೂ ಯಂತ್ರ ನಿಂತರೆ ಮೊದಲ ಫೋನು ನನಗೆ. ಯಾವ ಎಂಜಿನಿಯರ್ ಹೋಗಬೇಕು, ಯಾವ ಬಿಡಿಭಾಗ ಒಯ್ಯಬೇಕು, ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದೆಲ್ಲ ನನ್ನ ಲೆಕ್ಕ. ಟಿಕೆಟ್ ಮಾಡುವವನೂ ನಾನೇ.

ಇದಕ್ಕೆಂದೇ ನನ್ನ ಹತ್ತಿರ ಒಂದು ಎಕ್ಸೆಲ್ ಶೀಟ್ ಇತ್ತು. ಅದರಲ್ಲಿ ‘ಕಾಯುವ ಸಮಯ’ ಅಂತ ಒಂದು ಕಾಲಂ. ಎರಡು ವಿಮಾನಗಳ ನಡುವೆ ಎರಡು ಗಂಟೆಗಿಂತ ಜಾಸ್ತಿ ಬಿಡುವು ಬಂದರೆ ಆ ಚೌಕ ತಾನಾಗಿ ಕೆಂಪಾಗುತ್ತಿತ್ತು. ಕೆಂಪು ಕಂಡರೆ ನನಗೆ ಕಿರಿಕಿರಿ. ಬೇರೆ ದಾರಿ ಹುಡುಕಿ ಅದನ್ನು ಬಿಳಿ ಮಾಡುವವರೆಗೆ ಬಿಡುತ್ತಿರಲಿಲ್ಲ. “ಸರ್, ಹಿಂದಿನ ದಿನವೇ ಹೊರಟರೆ ಆಗುತ್ತಾ?” ಅಂತ ಹುಡುಗರು ಕೇಳಿದರೆ, “ಒಂದೂಮುಕ್ಕಾಲು ಗಂಟೆ ಇದೆಯಲ್ಲಪ್ಪಾ, ಸಾಕಲ್ವಾ?” ಎನ್ನುತ್ತಿದ್ದೆ.

ಕೆಲವು ವರ್ಷದ ಹಿಂದೆ ನಾಸಿಕ್‌ನಲ್ಲಿ ಚೂಡಾ ಪ್ಯಾಕ್ ಮಾಡುವ ಒಂದು ಕಡೆ ಯಂತ್ರ ನಿಂತಿತು. ಹೋಗಬೇಕಿದ್ದ ಎಂಜಿನಿಯರ್ ತಂಗಿಯ ಮದುವೆ ಎಂದು ರಜೆಯಲ್ಲಿದ್ದರು. ಉಳಿದವರೆಲ್ಲ ಬೇರೆ ಬೇರೆ ಊರಲ್ಲಿ. ಮೊದಲು ನಾನೂ ಸ್ಪ್ಯಾನರ್ ಹಿಡಿದವನೇ, ನಾನೇ ಹೋಗುತ್ತೇನೆ ಎಂದೆ. ಬೆಂಗಳೂರಿನಿಂದ ಬೆಳಗಾವಿ, ಬೆಳಗಾವಿಯಿಂದ ನಾಸಿಕ್. ಉಡಾನ್ ಯೋಜನೆ ಬಂದ ಮೇಲೆ ಇಂಥ ಸಣ್ಣ ಊರುಗಳ ನಡುವೆ ನೇರ ವಿಮಾನ ಶುರುವಾಗಿದ್ದವು, ಕೆಲವು ಸೀಟುಗಳಿಗೆ ದರದ ಮಿತಿಯೂ ಇತ್ತು. ಟಿಕೆಟ್ ಅಗ್ಗ. ಬೆಳಿಗ್ಗೆ 8:20ಕ್ಕೆ ಬೆಳಗಾವಿಯಲ್ಲಿ ಇಳಿಯುವುದು, 10:05ಕ್ಕೆ ಮುಂದಿನದು ಹತ್ತುವುದು. ಶೀಟ್‌ನಲ್ಲಿ ಚೌಕ ಬಿಳಿ. ಎಷ್ಟು ಚೆನ್ನಾಗಿ ಕೂಡಿಬಂತು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೆಳಗಾವಿಯ ವಿಮಾನ ನಿಲ್ದಾಣ ಇರುವುದು ಊರಿಂದ ಹತ್ತು ಕಿಲೋಮೀಟರ್ ಆಚೆ, ಸಾಂಬ್ರಾದಲ್ಲಿ. 1942ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ವಾಯುಪಡೆ ಕಟ್ಟಿದ ಜಾಗ ಅದು. ಪಕ್ಕದಲ್ಲೇ ಈಗಲೂ ನಮ್ಮ ವಾಯುಪಡೆಯ ತರಬೇತಿ ಶಾಲೆ ಇದೆ. ಈಗಿನ ಟರ್ಮಿನಲ್ 2017ರದು. ಚೊಕ್ಕವಾಗಿದೆ. ಚೊಕ್ಕ ಅಂದರೆ ಎಷ್ಟು ಅಂದರೆ, ವಿಮಾನದಿಂದ ಇಳಿದು ನಡೆದೇ ಒಳಗೆ ಬಂದೆ, ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಬೆಲ್ಟ್ ನಿಂತಿತ್ತು. ನನ್ನ ಟೂಲ್ ಬಾಕ್ಸ್ ಮಾತ್ರ ಗೋಡೆಗೆ ಒರಗಿಸಿಟ್ಟಿತ್ತು. ಬೆಂಗಳೂರಿನಲ್ಲಾದರೆ ಇಷ್ಟರಲ್ಲಿ ಬೆಲ್ಟ್ ನಂಬರ್ ಹುಡುಕುತ್ತಿರುತ್ತಿದ್ದೆ.

ನನ್ನದು ಎರಡು ಬೇರೆ ಬೇರೆ ಟಿಕೆಟ್. ಅಂದರೆ ಸಾಮಾನು ಇಲ್ಲೇ ತೆಗೆದುಕೊಂಡು, ಹೊರಗೆ ಹೋಗಿ, ಇನ್ನೊಂದು ಬಾಗಿಲಿನಿಂದ ಗುರುತಿನ ಚೀಟಿ ತೋರಿಸಿ ಮತ್ತೆ ಒಳಗೆ ಬಂದು, ಮತ್ತೆ ಚೆಕ್ ಇನ್ ಮಾಡಬೇಕು. ಇದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದೇ ಬೇರೆ, ಲೆಕ್ಕ ಹಾಕುವುದೇ ಬೇರೆ. ಆ ಬಾಗಿಲಲ್ಲಿ ನಿಂತಾಗ ಮೊದಲ ಸಲ ಲೆಕ್ಕ ಹಾಕಿದೆ. ನಡುವೆ ಇರುವುದು 105 ನಿಮಿಷ. ಕೌಂಟರ್ ಮುಚ್ಚುವುದು ವಿಮಾನ ಹೊರಡುವ ಒಂದು ಗಂಟೆ ಮೊದಲು. ಉಳಿದದ್ದು 45. ಇಳಿದು ಸಾಮಾನು ತೆಗೆದುಕೊಂಡು ಸುತ್ತಿ ಬರಲು 20. ಕೊನೆಗೆ ಕೈಯಲ್ಲಿ ಉಳಿಯುವುದು 25 ನಿಮಿಷ! ಬೆಂಗಳೂರಿನ ವಿಮಾನ ಅರ್ಧ ಗಂಟೆ ತಡವಾಗಿದ್ದರೂ ಕಥೆ ಮುಗಿಯುತ್ತಿತ್ತು. ಟಿಕೆಟ್ ಬೇರೆ ಬೇರೆ ಆದ್ದರಿಂದ ಎರಡನೆಯವರು ನನಗಾಗಿ ಕಾಯಬೇಕಾಗಿಯೂ ಇರಲಿಲ್ಲ. ನಾನು ಹುಡುಗರಿಗೆ ಕೊಡುತ್ತಿದ್ದ ‘ಒಂದೂಮುಕ್ಕಾಲು ಗಂಟೆ’ ಅಂದರೆ ಇದು.

ಆ ದಿನ ಮೊದಲ ವಿಮಾನ ಸರಿಯಾಗೇ ಬಂದಿತ್ತು. ತಡವಾದದ್ದು ಎರಡನೆಯದು. ಕೌಂಟರ್‌ನಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ವಾಕಿಟಾಕಿ ಹಿಡಿದ ಒಬ್ಬ ಹುಡುಗಿ ಬಂದಳು. “ವಿಮಾನ ಇನ್ನೂ ಅಲ್ಲಿಂದ ಬಿಟ್ಟಿಲ್ರಿ ಸರ್. ಮಂಜು ಐತಂತ. ಎರಡೂವರಿ ಆಗಬಹುದ್ರಿ, ಕೂಡ್ರಿ,” ಎಂದಳು. ಎರಡೂವರೆ, ಮಧ್ಯಾಹ್ನದ್ದು. ಈ ಸಣ್ಣ ದಾರಿಗಳಲ್ಲಿ ಒಂದೇ ವಿಮಾನ ದಿನವಿಡೀ ಊರಿಂದ ಊರಿಗೆ ಸುತ್ತುತ್ತಿರುತ್ತದೆ. ಬೆಳಿಗ್ಗೆ ಎಲ್ಲೋ ಒಂದು ಕಡೆ ಮಂಜು ಬಿದ್ದರೆ ಅದರ ಬಿಸಿ ಸಂಜೆವರೆಗೆ ಎಲ್ಲ ಊರಿಗೂ ತಟ್ಟುತ್ತದೆ. ಬದಲಿ ವಿಮಾನ ಅಂತ ಪಕ್ಕದಲ್ಲಿ ನಿಂತಿರುವುದಿಲ್ಲ.

ಕೌಂಟರ್ ತೆರೆಯಲು ಇನ್ನೂ ಹೊತ್ತಿತ್ತು. ಟೂಲ್ ಬಾಕ್ಸ್ ಟ್ರಾಲಿ ಮೇಲಿಟ್ಟುಕೊಂಡು ಹೊರಗೆ ಬಂದೆ. ಒಬ್ಬ ಟ್ಯಾಕ್ಸಿ ಚಾಲಕರು ಕಾರಿಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಎಲ್ಲಿಗೆ ಎಂದು ಕೇಳಿದರು. ನಾಸಿಕ್ ಎಂದೆ.

“ಇವತ್ತ ಬರಲಿಲ್ಲಂದ್ರ?”

“ನಾಳೆ...” ಎಂದೆ.

“ನಾಳಿ ಇಲ್ರಿ ಸಾಹೇಬ್ರ, ಅದು ದಿನಾ ಇರೂದಿಲ್ಲ.”

ನಿಜ. ಅದು ದಿನಾ ಇರಲಿಲ್ಲ. ಟಿಕೆಟ್ ಮಾಡುವಾಗ ನನಗೆ ಬೇಕಾದ ದಿನ ಇದೆಯಾ ಎಂದು ನೋಡಿದ್ದೆ, ಮಾರನೆಯ ದಿನ ಇದೆಯಾ ಎಂದು ನೋಡಿರಲಿಲ್ಲ. ಯಾಕೆ ನೋಡಬೇಕು? ನನ್ನ ಲೆಕ್ಕವೆಲ್ಲ ಬೆಂಗಳೂರು, ಮುಂಬೈ, ದೆಹಲಿ ನೋಡಿ ಕಲಿತದ್ದು. ಅಲ್ಲಿ ಒಂದು ತಪ್ಪಿದರೆ ಇನ್ನೊಂದು ಎರಡು ಗಂಟೆಯಲ್ಲಿ ಸಿಗುತ್ತದೆ. ದುಡ್ಡು ಹೋಗುತ್ತದೆ, ದಿನ ಹೋಗುವುದಿಲ್ಲ. ಚಾಲಕರೇ ರಸ್ತೆಯ ಲೆಕ್ಕವನ್ನೂ ಹೇಳಿದರು. ಕೊಲ್ಹಾಪುರ, ಪುಣೆ ಮೇಲೆ ಹೋದರೆ ಐನೂರೈವತ್ತು ಕಿಲೋಮೀಟರ್ ಹತ್ತಿರ. ಈಗ ಹೊರಟರೆ ರಾತ್ರಿ ಊಟದ ಹೊತ್ತಿಗೆ. “ನಾ ಬಿಡ್ತೇನ್ರಿ, ಆದ್ರ ಹನ್ನೊಂದರೊಳಗ ಹೇಳ್ರಿ. ಆಮ್ಯಾಲ ನಾ ಬರೂದಿಲ್ಲ.” ಬಾಡಿಗೆ ಹಿಡಿಯಲು ಹೇಳಿದ ಮಾತೇ ಇರಬಹುದು. ಆದರೂ ನನ್ನ ಇಡೀ ಶೀಟ್‌ನಲ್ಲಿ ಇಲ್ಲದ ಒಂದು ವಿಷಯ ಅವರ ಬಾಯಲ್ಲಿತ್ತು. ಬೇರೆ ದಾರಿ ಹಿಡಿಯಬೇಕಾದರೆ ಅದನ್ನು ನಿರ್ಧರಿಸಲು ಕೊನೆಯ ಗಳಿಗೆ ಯಾವುದು ಎಂಬುದು.

ಹನ್ನೊಂದರವರೆಗೆ ಕಾದೆ. ವಿಮಾನ ಅಲ್ಲಿಂದ ಬಿಟ್ಟಿತು ಎಂದು ವಾಕಿಟಾಕಿ ಹುಡುಗಿ ಹೇಳಿದ ಮೇಲೆ ಚಾಲಕರಿಗೆ ಬೇಡ ಎಂದೆ. ಅವರು ನಕ್ಕು ಚಹಾ ಕುಡಿಸಿದರು. ದುಡ್ಡು ಕೊಡಲು ಬಿಡಲಿಲ್ಲ.

ಒಳಗೆ ಬಂದು ಕೂತು, ಸುಮ್ನೆ ಕೂರಲಾಗದೆ ಬಾಕ್ಸ್ ತೆರೆದೆ. ಯಂತ್ರಕ್ಕೆ ಹಾಕಲೆಂದು ಒಯ್ಯುತ್ತಿದ್ದ ಎಲೆಕ್ಟ್ರಾನಿಕ್ ಬೋರ್ಡ್‌ನಲ್ಲಿ ತಂತಿ ಕೂರಿಸುವ ಒಂದು ಸ್ಕ್ರೂ ಸಡಿಲ ಇದ್ದಂತೆ ಕಂಡಿತು, ಬಿಗಿ ಮಾಡಿದೆ. ಲ್ಯಾಪ್‌ಟಾಪ್ ಬ್ಯಾಗ್ ಭಾರ ಅನ್ನಿಸಿ ಚಾರ್ಜರ್, ಪವರ್ ಬ್ಯಾಂಕ್ ಎಲ್ಲ ಬಾಕ್ಸ್‌ಗೆ ತುರುಕಿದೆ. ಆಗಲೇ ತಪ್ಪಿದ್ದು. ಚೆಕ್ ಇನ್ ಮಾಡಿದ ಬಾಕ್ಸ್ ಎಕ್ಸ್‌ರೇಯಲ್ಲಿ ನಿಂತಿತು. ಪವರ್ ಬ್ಯಾಂಕ್ ಕೆಳಗಿನ ಸಾಮಾನಿನಲ್ಲಿ ಹೋಗುವಂತಿಲ್ಲ, ಲಿಥಿಯಂ ಬ್ಯಾಟರಿ ಬೆಂಕಿ ಹಿಡಿದರೆ ಅಲ್ಲಿ ನೋಡುವವರು ಯಾರೂ ಇರುವುದಿಲ್ಲ. ನಾನೇ ಹುಡುಗರಿಗೆ ನೂರು ಸಲ ಹೇಳಿದ ಮಾತು. ಹೋಗಿ ತೆಗೆದೆ. ಮುಂದೆ ಸೆಕ್ಯುರಿಟಿಯಲ್ಲಿ ನನ್ನ ಕೈಚೀಲ ನಿಂತಿತು. ಸ್ಕ್ರೂ ಬಿಗಿ ಮಾಡಲು ಬಳಸಿದ ಸ್ಕ್ರೂಡ್ರೈವರ್ ಅದರೊಳಗಿತ್ತು! ಅಷ್ಟರಲ್ಲಿ ಬಾಕ್ಸ್ ಹೋಗಿಯಾಗಿತ್ತು. ಸ್ಕ್ರೂಡ್ರೈವರ್ ಅಲ್ಲೇ ಬಿಟ್ಟೆ. ಮೇಲೆ ಇರಬೇಕಾದದ್ದು ಕೆಳಗೆ, ಕೆಳಗೆ ಇರಬೇಕಾದದ್ದು ಮೇಲೆ. ಹದಿನೆಂಟು ವರ್ಷದ ಅನುಭವ ಅಂತ ನನ್ನ ಕಾರ್ಡ್‌ನಲ್ಲಿ ಬರೆದುಕೊಂಡಿದ್ದೇನೆ. ಕಾಯುವಾಗ ತಲೆ ಓಡುವುದಿಲ್ಲ, ಕೈ ಮಾತ್ರ ಓಡುತ್ತದೆ. ಹುಡುಗರು ಹೀಗೆ ಮಾಡಿ ಬಂದಾಗ ನಾನು ಎಷ್ಟು ಬೈದಿದ್ದೆ ಎಂದು ನೆನಪಾಗಿ ಒಳಗೊಳಗೇ ನಾಚಿಕೆಯಾಯಿತು.

ಗಾಜಿನ ಆಚೆ ಒಂದು ಎಟಿಆರ್ ಬಂದು ನಿಂತಿತು, ರೆಕ್ಕೆಯ ಮೇಲೆ ಫ್ಯಾನ್ ಇರುವ ಸಣ್ಣ ವಿಮಾನ. ನಾನು ಹತ್ತಬೇಕಾದದ್ದಲ್ಲ. ಮುಂದಿನ ಒಂದು ಗಂಟೆ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಬ್ಬರು ಓಡಿ ಬಂದು ಬಾಲದ ಕೆಳಗೆ ಒಂದು ಕೋಲು ಆನಿಸಿಟ್ಟರು. ಆಮೇಲೆ ಜನ ಇಳಿಯತೊಡಗಿದರು. ಆ ಕೋಲು ಯಾಕೆ ಎಂದು ವಾಕಿಟಾಕಿ ಹುಡುಗಿಯನ್ನು ಕೇಳಿದೆ. “ಬಾಗಿಲಾ ಹಿಂದ ಐತಲ್ರಿ. ಎಲ್ಲಾರೂ ಹಿಂದ ಬಂದ್ ನಿಂತ್ರ ಭಾರ ಆಗಿ ಮೂಗು ಮ್ಯಾಲೆ ಏಳ್ತೈತ್ರಿ.” ನಾನು ತೂಕದ ಯಂತ್ರದವನು, ನನಗೆ ಇದು ಹಬ್ಬದೂಟ. ಇಂಥ ವಿಮಾನದಲ್ಲಿ ಜನ ಕಡಿಮೆ ಇದ್ದರೆ ಕೆಲವರನ್ನು ಎಬ್ಬಿಸಿ ಬೇರೆ ಸಾಲಿಗೆ ಕೂರಿಸುವುದೂ ಇದೇ ಕಾರಣಕ್ಕೆ. ಆದರೆ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ತೂಗುವುದಿಲ್ಲ, ಒಬ್ಬರಿಗೆ ಇಷ್ಟು ಎಂದು ಸರಾಸರಿ ಹಿಡಿಯುತ್ತಾರೆ. ನಮ್ಮ ಪೌಚ್‌ಗೆ ಈ ಭಾಗ್ಯ ಇಲ್ಲ, ಪ್ರತಿಯೊಂದನ್ನೂ ತೂಗಲೇಬೇಕು.

ಬೆಳಿಗ್ಗೆ ಕೌಂಟರ್‌ನಲ್ಲಿದ್ದ ಅದೇ ಹುಡುಗಿ ಈಗ ಗೇಟಿನಲ್ಲಿ ಪಾಸ್ ನೋಡುತ್ತಿದ್ದಳು. ಹತ್ತು ನಿಮಿಷದ ಮೇಲೆ ನೋಡಿದರೆ ಒಬ್ಬ ಅಜ್ಜಿಯ ಗಾಲಿಕುರ್ಚಿ ತಳ್ಳಿಕೊಂಡು ವಿಮಾನದ ಹತ್ತಿರ. ಅಜ್ಜಿಯ ಜೊತೆ ಮರಾಠಿ, ಲೋಡರ್ ಜೊತೆ ಕನ್ನಡ, ವಾಕಿಟಾಕಿಯಲ್ಲಿ ಇಂಗ್ಲಿಷ್, ನನ್ನ ಪಕ್ಕದವರಿಗೆ ಹಿಂದಿ. ಆದರೆ ಹೊರಡುವ ಮುಂಚೆ ತಲೆ ಎಣಿಸಲು ಮಾತ್ರ ಇನ್ನೊಬ್ಬರು ಬಂದರು. ತಾನು ಹತ್ತಿಸಿದ್ದನ್ನು ತಾನೇ ಎಣಿಸಲಿಲ್ಲ. ನಮ್ಮಲ್ಲಿ ಬಿಡಿಭಾಗ ಪ್ಯಾಕ್ ಮಾಡುವವನೇ ಪಟ್ಟಿಗೂ ಟಿಕ್ ಹಾಕುತ್ತಿದ್ದ. ಊರಿಗೆ ವಾಪಸ್ ಬಂದ ವಾರವೇ ಅದನ್ನು ಬದಲಾಯಿಸಿದೆ. ಅದಾದ ಮೇಲೆ ಬೇರೆ ಮಾಡೆಲ್‌ನ ಬೋರ್ಡ್ ಹೊತ್ತುಕೊಂಡು ಹೋಗಿ ಪೆಚ್ಚಾಗಿ ವಾಪಸ್ ಬರುವುದು ಬಹಳ ಕಡಿಮೆಯಾಯಿತು.

ಆಮೇಲೆ ಹೊತ್ತು ಸಾಗಲಿಲ್ಲ. ಉಪ್ಪಿಟ್ಟು ಖಾಲಿ, ಬಿಸ್ಕತ್ತು ಮಾತ್ರ. ಹಳೇ ವಾಟ್ಸಾಪ್ ಮೆಸೇಜ್ ತೆಗೆದು ಓದುತ್ತಾ ಕೂತೆ. “ಸರ್, ಫ್ಲೈಟ್ ಕ್ಯಾನ್ಸಲ್, ಇಲ್ಲಿ ಲಾಡ್ಜ್ ಹುಡುಕ್ತಿದೀನಿ.” ಅದಕ್ಕೆ ನನ್ನ ಉತ್ತರ, ಒಂದು ಥಂಬ್ಸ್ ಅಪ್. “ಸರ್, ಬೆಳಿಗ್ಗೆ ನಾಲ್ಕಕ್ಕೆ ಎದ್ದಿದ್ದೆ, ಈಗ ಸೈಟ್‌ಗೆ ಬಂದೆ.” ಸಂಜೆ ಏಳೂವರೆಗೆ ಬಂದ ಮೆಸೇಜ್. ನನ್ನ ಉತ್ತರ: “ಗುಡ್. ಇವತ್ತೇ ಮುಗಿಸಿ.” ನಮ್ಮ ಲೆಕ್ಕದಲ್ಲಿ ಸೈಟ್‌ಗೆ ಕಾಲಿಟ್ಟ ಮೇಲೆ ಡ್ಯೂಟಿ ಶುರು. ಅಲ್ಲಿವರೆಗಿನದೆಲ್ಲ ಪ್ರಯಾಣ, ಅದಕ್ಕೆ ಬೆಲೆ ಇಲ್ಲ.

ಎರಡೂಮುಕ್ಕಾಲಿಗೆ ವಿಮಾನ ಬಿಟ್ಟಿತು. ನಾಸಿಕ್‌ನ ನಿಲ್ದಾಣವೂ ಊರಾಚೆ, ಓಝರ್‌ನಲ್ಲಿ. ಫ್ಯಾಕ್ಟರಿ ತಲುಪುವಾಗ ಸಂಜೆ ಐದು ದಾಟಿತ್ತು. ಯಂತ್ರದ ಬೋರ್ಡ್ ಕೆಟ್ಟಿರಲೇ ಇಲ್ಲ. ತೂಕ ಅಳೆಯುವ ಲೋಡ್ ಸೆಲ್‌ನ ಕೇಬಲ್ ಚೌಕಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಂತಿ ಸವೆದಿತ್ತು. ಅಲ್ಲಿಯ ಎಲೆಕ್ಟ್ರಿಷಿಯನ್‌ನ ಸ್ಕ್ರೂಡ್ರೈವರ್ ಕೇಳಿ ಪಡೆದು ನಲವತ್ತು ನಿಮಿಷದಲ್ಲಿ ಸರಿಮಾಡಿದೆ. ಒಂದು ವಿಡಿಯೊ ಕಾಲ್ ಮಾಡಿ ಅವರಿಂದಲೇ ಕೇಬಲ್ ಎಳೆದು ನೋಡಿಸಿದ್ದರೆ ನಾನು ಹೊರಡಬೇಕಾಗಿಯೇ ಇರಲಿಲ್ಲವೇನೋ. ಅದು ಬೇರೆ ದಿನದ ಕಥೆ.

ವಾಪಸ್ ಬಂದು ಶೀಟ್‌ನಲ್ಲಿ ‘ಕಾಯುವ ಸಮಯ’ದ ಕೆಂಪು ಬಣ್ಣ ತೆಗೆದೆ. ಪಕ್ಕದಲ್ಲಿ ಎರಡು ಹೊಸ ಕಾಲಂ ಸೇರಿಸಿದೆ. ಒಂದು, ‘ಇದು ತಪ್ಪಿದರೆ ಮುಂದಿನದು ಯಾವಾಗ’. ಇನ್ನೊಂದು, ‘ರಸ್ತೆ ಹಿಡಿಯಲು ಕೊನೆಯ ಸಮಯ’. ಮುಂದಿನದು ಅದೇ ದಿನ ಇದ್ದರೆ ಒಂದೂಮುಕ್ಕಾಲು ಗಂಟೆ ಸಾಕು. ಮಾರನೆಯ ದಿನವೋ ಅದರಾಚೆಯೋ ಆದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕು, ಅಥವಾ ರೈಲು. ಸಾಧ್ಯವಾದಷ್ಟು ಒಂದೇ ಟಿಕೆಟ್. ಟೂಲ್ ಬಾಕ್ಸ್‌ಗೆ ಒಂದು ಪ್ಲಾಸ್ಟಿಕ್ ಸೀಲ್, ಸೈಟ್ ಮುಟ್ಟುವವರೆಗೆ ಬಿಚ್ಚುವಂತಿಲ್ಲ. ಕಾಯುವ ಹೊತ್ತನ್ನೂ ಡ್ಯೂಟಿಗೆ ಸೇರಿಸಲು ಅಕೌಂಟ್ಸ್‌ನವರನ್ನು ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಅದೂ ನಾಲ್ಕು ಗಂಟೆ ದಾಟಿದರೆ ಮಾತ್ರ. ನನಗಿನ್ನೂ ಅದು ಸರಿ ಅನ್ನಿಸಿಲ್ಲ.

ಮದುವೆ ಮುಗಿಸಿ ಬಂದ ಎಂಜಿನಿಯರ್‌ಗೆ ಹೊಸ ಶೀಟ್ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಹೊಗಳುತ್ತಾರೆ ಅಂದುಕೊಂಡೆ.

“ಸರ್, ಕಲಬುರಗಿ ಸಾಲಿನಲ್ಲಿ ನೀವು ‘ಮಾರನೆಯ ದಿನ’ ಅಂತ ಹಾಕಿದ್ದೀರಿ. ಅಲ್ಲಿಗೆ ಹೋಗಲು ನಮಗೆ ರಾತ್ರಿ ರೈಲೇ ಸಲೀಸು. ಎಷ್ಟೋ ಸಲ ಹೇಳಿದೀನಿ.”

ಹೌದು, ಹೇಳಿದ್ದರು. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿದೆ. ಅವರು ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಸಾಲು ತಿದ್ದತೊಡಗಿದರು.