ನಲವತ್ತು–ಅರವತ್ತರ ನಿವೇಶನದಲ್ಲಿ ನಮ್ಮ ಸೀಮೆಯ ಮರಗಳು

ತುಮಕೂರಿನ ಕಡೆಯ ನಮ್ಮ ಮನೆಯ ಮುಂದೆ ನಾನು ಮೊದಲು ನೆಟ್ಟಿದ್ದ ಹೊಂಗೆ, ನಾಲ್ಕನೆಯ ವರ್ಷದ ಆಷಾಢದ ಗಾಳಿಗೆ ಒಂದು ಬೆಳಗಿನ ಜಾವ ಬುಡಸಹಿತ ಉರುಳಿತು. ಆಳೆತ್ತರಕ್ಕಿಂತ ಎತ್ತರವಾಗಿ, ಕಾಂಡ ಮೊಣಕೈ ದಪ್ಪಕ್ಕೆ ಬಂದಿದ್ದ ಮರ ಅದು. ಕಡಿದು ಸಾಗಿಸಲು ಬಂದ ವಯಸ್ಸಾದ ಆಳು ಬುಡದ ಮಣ್ಣನ್ನು ಕೈಯಿಂದ ಉದುರಿಸಿ, "ನೋಡಿ ಸ್ವಾಮಿ, ಬೇರು ಬುಟ್ಟಿ ಹೆಣೆದಂಗೆ ಸುತ್ಕೊಂಡೈತೆ, ನೆಲಕ್ಕೆ ಇಳಿದೇ ಇಲ್ಲ" ಎಂದರು. ನಿಜವಾಗಿಯೂ, ಸಸಿಯಾಗಿದ್ದಾಗ ಅದನ್ನು ಇಟ್ಟಿದ್ದ ಪಾಲಿಥೀನ್ ಚೀಲದ ಆಕಾರ ನಾಲ್ಕು ವರ್ಷಗಳ ನಂತರವೂ ಬೇರಿನಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು: ತಾಯಿಬೇರು ಚೀಲದ ತಳ ಮುಟ್ಟಿದ ಜಾಗದಲ್ಲಿ ಮಡಿಚಿಕೊಂಡು ಮೇಲಕ್ಕೆ ತಿರುಗಿ, ತನ್ನನ್ನೇ ಎರಡು ಸುತ್ತು ಸುತ್ತಿಕೊಂಡು, ಹಗ್ಗದ ಗಂಟಿನಂತೆ ಬಿಗಿದುಕೊಂಡಿತ್ತು. ಮರವನ್ನು ಹಿಡಿದು ನಿಲ್ಲಿಸಿದ್ದದ್ದು ನಾನು ಎರಡು ವರ್ಷ ಬಿಚ್ಚದೆ ಬಿಗಿಯಾಗಿ ಕಟ್ಟಿದ್ದ ಊರುಗೋಲೇ ಹೊರತು ಬೇರಲ್ಲ. ಊರುಗೋಲು ತೆಗೆದ ಮರುವರ್ಷವೇ ಅದು ಬಿದ್ದಿತು.

ಸಸಿ ಮಾರಿದವರ ತಪ್ಪಿಗಿಂತ ನನ್ನ ತಪ್ಪೇ ಅದರಲ್ಲಿ ದೊಡ್ಡದು. ನೂರಾರು ಸಸಿಗಳ ನಡುವೆ ಎಲ್ಲಕ್ಕಿಂತ ಎತ್ತರವಾದದ್ದನ್ನು, ಬೇಗ ನೆರಳು ಬರಲಿ ಎಂಬ ಆಸೆಯಿಂದ, ನಾನೇ ಆರಿಸಿ ತಂದಿದ್ದೆ. ಸಣ್ಣ ಚೀಲದಲ್ಲಿ ಎತ್ತರವಾದ ಸಸಿ ಎಂದರೆ ಅದು ಚೀಲದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಕಾಲ ಇದ್ದಿದೆ ಎಂದೇ ಅರ್ಥ. ಈಗ ಸಸಿ ಕೊಳ್ಳುವಾಗ ಎಲೆಗಳನ್ನು ನೋಡುವ ಮೊದಲು ಚೀಲವನ್ನು ಎತ್ತಿ ಅದರ ತಳ ನೋಡುತ್ತೇನೆ. ತೂತುಗಳಿಂದ ಬೇರು ಹೊರಬಂದು ನೆಲಕ್ಕೆ ಅಂಟಿದ್ದರೆ, ಎಷ್ಟೇ ಚೆಲುವಾಗಿದ್ದರೂ ಅದನ್ನು ಅಲ್ಲಿಯೇ ಬಿಡುತ್ತೇನೆ. ಬೇರೆ ದಾರಿಯಿಲ್ಲದೆ ಅಂಥದ್ದನ್ನು ತಂದರೆ, ನೆಡುವ ದಿನ ಮಣ್ಣುಂಡೆಯ ತಳದಲ್ಲಿ ಸುರುಳಿಯಾದ ಬೇರನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಬದಿಯ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಮುಖವಾಗಿ ಹರಡಿ ನೆಡಬೇಕು.

ಹೊಂಗೆ, ಬೇವು, ಹುಣಸೆ, ಕಮರ ಮುಂತಾದ ನಮ್ಮ ಬಯಲುಸೀಮೆಯ ಮರಗಳಿಗೆ ಈ ತೊಂದರೆ ಹೆಚ್ಚು, ಏಕೆಂದರೆ ಮೇಲೆ ನಾಲ್ಕು ಎಲೆ ಬಿಡುವ ಮೊದಲೇ ಕೆಳಗೆ ಬೇರು ಇಳಿಸುವುದು ಅವುಗಳ ಹುಟ್ಟುಗುಣ. ಬೇಸಿಗೆಯಲ್ಲಿ ಅವು ಬದುಕುವುದೇ ಆ ಆಳದಿಂದ. ಹೀಗಾಗಿ ಇಂಥ ಮರಗಳ ಬೀಜವನ್ನು ಮರ ಬೆಳೆಯಬೇಕಾದ ಜಾಗದಲ್ಲೇ ಊರುವುದು ಎಲ್ಲಕ್ಕಿಂತ ಒಳ್ಳೆಯದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಬೇವಿನ ಬೀಜ ಹಣ್ಣಿನಿಂದ ಬಿಡಿಸಿದ ಎರಡು ಮೂರು ವಾರಗಳಲ್ಲೇ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ತಡಮಾಡುವಂತಿಲ್ಲ. ಹಲಸು, ನೇರಳೆ ಬೀಜಗಳೂ ಒಣಗಿದರೆ ಕೆಟ್ಟವು. ಕಕ್ಕೆಯದು ಇದಕ್ಕೆ ತದ್ವಿರುದ್ಧ: ಅದರ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ, ಒರಟು ಕಲ್ಲಿನ ಮೇಲೆ ಉಜ್ಜಿ ಒಂದು ರಾತ್ರಿ ನೀರಿನಲ್ಲಿ ನೆನೆಸದಿದ್ದರೆ ಅದು ತಿಂಗಳುಗಟ್ಟಲೆ ಮಣ್ಣಿನಲ್ಲಿ ಸುಮ್ಮನೆ ಮಲಗಿರುತ್ತದೆ.

ಆಯ್ಕೆಯ ವಿಷಯಕ್ಕೆ ಬಂದರೆ, "ದೇಶಿ ಗಿಡ" ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ, ಆದರೆ ಅದು ದಾರಿ ತಪ್ಪಿಸುವುದೂ ಉಂಟು. ನಮ್ಮ ತಾಯಿಯವರ ಆಸೆಗೆಂದು ಮಲೆನಾಡಿನ ನೆಂಟರ ಮನೆಯಿಂದ ಸಂಪಿಗೆ ಸಸಿ ತಂದು ನೆಟ್ಟೆವು. ಕನ್ನಡ ನೆಲದ್ದೇ ಮರ, ದೇವರ ಮುಡಿಗೆ ಏರುವ ಹೂವು, ಅದಕ್ಕಿಂತ ದೇಶಿ ಇನ್ನೇನು ಬೇಕು ಎಂದುಕೊಂಡಿದ್ದೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ತುಮಕೂರಿನ ಸುತ್ತಮುತ್ತ ಸುಮಾರು 600ರಿಂದ 700. ಪಾವಗಡದ ಕಡೆ ಅದಕ್ಕಿಂತಲೂ ಕಡಿಮೆ. ಮಾರ್ಚ್ ಬಂತೆಂದರೆ ನಮ್ಮ ಸಂಪಿಗೆಯ ಎಲೆಯ ಅಂಚುಗಳು ಸುಟ್ಟಂತೆ ಕಂದಾಗುತ್ತವೆ, ದಿನಕ್ಕೆರಡು ಬಾರಿ ಕೊಳವೆಬಾವಿಯ ನೀರು ಹಾಕಿದರಷ್ಟೇ ಅದು ಉಸಿರಾಡುತ್ತದೆ. ನೀತಿ ಹೇಳುವ ನಾನೇ ಅದನ್ನು ಕಡಿಯಲಾರದೆ ಇಟ್ಟುಕೊಂಡಿದ್ದೇನೆ, ಅದು ಬೇರೆ ಮಾತು. ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನಿಲ್ಲಿಸುವ "ಅಶೋಕ" ಮರವೂ ನಮ್ಮ ಪುರಾಣದ ಅಶೋಕವಲ್ಲ. ಕಿತ್ತಳೆಗೆಂಪು ಹೂಗೊಂಚಲಿನ ನಿಜವಾದ ಅಶೋಕ ತೇವದ ಕಾಡಿನ ಮರ, ನಮ್ಮ ಒಣಗಾಳಿಗೆ ಅದೂ ಒಗ್ಗುವುದು ಕಷ್ಟ. ಇನ್ನು ಗುಡಿಯ ಮುಂದೆಲ್ಲ ಕಾಣುವ ದೇವಗಣಗಲೆ ಅಮೆರಿಕ ಖಂಡದಿಂದ ಬಂದದ್ದು, ರಸ್ತೆಬದಿಯ ಗುಲ್‌ಮೊಹರ್ ಮಡಗಾಸ್ಕರಿನದು. ಹುಣಸೆಯ ಮೂಲವೂ ಆಫ್ರಿಕವೆಂದೇ ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆದರೂ ಹುಣಸೆಯನ್ನು ತುಮಕೂರಿನವರ ಮುಂದೆ ಪರದೇಶಿ ಎನ್ನುವ ಧೈರ್ಯ ನನಗಿಲ್ಲ.

ಹಾಗಾಗಿ ನಾನು ಮರದ ಜನ್ಮಜಾತಕ ಕೇಳುವುದನ್ನು ಬಿಟ್ಟು, ಅದು ನಮ್ಮ ಮಳೆಯಲ್ಲಿ, ನಮ್ಮ ಕೆಂಪುಮಣ್ಣಿನಲ್ಲಿ, ಯಾರೂ ನೀರು ಹೊಯ್ಯದೆ ಎಲ್ಲಿ ಬೆಳೆದಿದೆ ಎಂದು ನೋಡುತ್ತೇನೆ. ಅದನ್ನು ತಿಳಿಯಲು ಪುಸ್ತಕ ಬೇಡ, ಹೊಲದ ಬದು, ಕೆರೆಯ ಏರಿ, ಹಳ್ಳಿಯ ಗುಂಡುತೋಪು ಸಾಕು. ದೇವರಾಯನದುರ್ಗದ ರಸ್ತೆಯಲ್ಲಿ ನಾಮದ ಚಿಲುಮೆಯ ಕಡೆಗೆ ಒಂದು ಬೆಳಗ್ಗೆ ನಿಧಾನವಾಗಿ ಹೋದರೂ ಹಿತ್ತಲಿಗೆ ಹೊಂದುವ ಹತ್ತಾರು ಗಿಡಗಳು ಕಣ್ಣಿಗೆ ಬೀಳುತ್ತವೆ. ನಾಮದ ಚಿಲುಮೆಯಲ್ಲಿ ಅರಣ್ಯ ಇಲಾಖೆಯ ಔಷಧಿ ಸಸ್ಯಗಳ ವನವೂ ಇದೆ.

ಅಲ್ಲಿ ಕಂಡದ್ದೆಲ್ಲ ಮನೆಗೆ ಆಗುವುದಿಲ್ಲ. ನಲವತ್ತು–ಅರವತ್ತರ ನಿವೇಶನದಲ್ಲಿ ಮನೆ, ಸಂಪು, ಕಾರಿನ ಜಾಗ ಕಳೆದು ಉಳಿಯುವ ನೆಲಕ್ಕೆ ಆಲ, ಅರಳಿ, ಅತ್ತಿ ಸಲ್ಲವು; ಅವುಗಳ ಬೇರು ನೀರಿನ ವಾಸನೆ ಹಿಡಿದು ಸಂಪಿನ ಗೋಡೆ ಸೀಳದೆ ಬಿಡುವುದಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರು ಆಲಗಳನ್ನು ನೆಟ್ಟದ್ದು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ಹಿತ್ತಲಿನಲ್ಲಲ್ಲ. ನಾವು ಒಂದೇ ಒಂದು ದೊಡ್ಡ ಮರಕ್ಕೆ ಜಾಗ ಮಾಡಿದೆವು, ಅದೂ ಮಧ್ಯಾಹ್ನದ ಬಿಸಿಲು ಬಡಿಯುವ ಪಶ್ಚಿಮಕ್ಕೆ, ಗೋಡೆಯಿಂದ ಹನ್ನೆರಡು ಅಡಿ ದೂರದಲ್ಲಿ. ಉಳಿದವೆಲ್ಲ ಚಿಕ್ಕವು: ಕಕ್ಕೆ, ಪಾರಿಜಾತ, ಬಿಲ್ವ, ಕರಿಬೇವು, ಜೊತೆಗೆ ಎರಡು ನೆಲ್ಲಿ. ನೆಲ್ಲಿ ಒಂಟಿಯಾಗಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಎರಡು. ತುಳಸಿ ಹಬ್ಬಕ್ಕೆ ಕಾಯಿಸಹಿತದ ಕೊಂಬೆ ಕೇಳಿಕೊಂಡು ಬೀದಿಯವರೆಲ್ಲ ಬರುವುದರಿಂದ ಸಮರುವ ಕೆಲಸ ನಮಗೆ ಉಳಿಯುವುದಿಲ್ಲ.

ಹಲಸು ಬೇಕೆನ್ನುವವರಿಗೆ ನಮ್ಮ ಜಿಲ್ಲೆಯದೇ ಒಂದು ತಳಿಯಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ತೋಟದ ಒಂದು ಮರವನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿ, ಆ ರೈತರ ತಂದೆಯವರ ಹೆಸರಿನಲ್ಲಿ "ಸಿದ್ದು" ಎಂದು ಕರೆದು, ಕಸಿ ಗಿಡಗಳಾಗಿ ಹಬ್ಬಿಸಿದ್ದಾರೆ. ತಾಮ್ರಗೆಂಪು ತೊಳೆ, ಎರಡೂವರೆ ಮೂರು ಕಿಲೋ ತೂಗುವ ಹಣ್ಣು. ನಾಲ್ಕು ಜನರ ಸಂಸಾರ ಒಂದೇ ದಿನ ತಿಂದು ಮುಗಿಸಬಹುದಾದ ಗಾತ್ರವೇ ಅದರ ದೊಡ್ಡ ಗುಣ ಎಂಬುದು ನನ್ನ ಅಭಿಪ್ರಾಯ. ಹಲಸಿನ ಬೀಜ ಹಾಕಿದರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆ ಇಲ್ಲದ್ದರಿಂದ ಇಲ್ಲಿ ಮಾತ್ರ ಕಸಿ ಗಿಡವೇ ಸರಿ.

ಬೇಲಿಗೆ ಕವಳೆ, ಬಂದರೆ, ಲಕ್ಕಿ, ಆಡುಸೋಗೆಗಳನ್ನು ಬೆರೆಸಿ ಹಾಕಿದ್ದೇವೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುವವರೂ ಆಡುಸೋಗೆಯನ್ನು ಬದಿಗಿಟ್ಟೇ ಆ ಮಾತು ಹೇಳಬೇಕು. ನರ್ಸರಿಗಳಲ್ಲಿ ಕವಳೆ, ಬಂದರೆ ಕೇಳಿದರೆ "ಅದು ಕಾಡುಗಿಡ" ಎಂದು ನಗುತ್ತಾರೆ. ಬೀಜ ಆಯ್ದು ತಂದು ನಾವೇ ಸಸಿ ಮಾಡಿಕೊಂಡೆವು. ಶ್ರೀಗಂಧ ಬೇಡವೇ ಎಂದು ಹಲವರು ಕೇಳುತ್ತಾರೆ. ಕಾನೂನಿಗೆ 2001ರಲ್ಲಿ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯನೇ ಗಂಧದ ಮರದ ಒಡೆಯ, ಅದು ಸರಿ, ಆದರೆ ಪಕ್ಕದ ಗಿಡದ ಬೇರಿಗೆ ಬಾಯಿಟ್ಟು ಬದುಕುವ ಆ ಮರಕ್ಕೆ ಜೊತೆಗಿಡ ಬೇಕು, ನಮಗೆ ರಾತ್ರಿ ನಿದ್ದೆ ಬೇಕು.

ನೆಡುವ ಕಾಲದ ಬಗ್ಗೆ ನನ್ನದೊಂದು ತಕರಾರಿದೆ. ಜೂನ್ 5ರ ಪರಿಸರ ದಿನಕ್ಕೆ ಊರೆಲ್ಲ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತದೆ. ಕರಾವಳಿಗೆ, ಮಲೆನಾಡಿಗೆ ಅದು ಸರಿಯಾದ ಲೆಕ್ಕ. ನಮ್ಮಲ್ಲಿ ಮೃಗಶಿರ, ಆರಿದ್ರಾ ಹನಿ ಉದುರಿಸಿ ಹೋದ ಮೇಲೆ ಬರುವುದು ಆಷಾಢದ ಒಣಗಾಳಿ. ಎಳೆಯ ಸಸಿಯ ತೇವವನ್ನೆಲ್ಲ ಅದು ಹೀರಿಬಿಡುತ್ತದೆ. ಈ ಸೀಮೆಗೆ ನಂಬಿಕೆಯ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದು. ಆದ್ದರಿಂದ ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿಟ್ಟು, ಹುಬ್ಬೆ ಕಳೆದು ಉತ್ತರೆ ಹಿಡಿಯುವ ಹೊತ್ತಿಗೆ ನೆಟ್ಟರೆ, ಹಸ್ತ, ಚಿತ್ತೆಯ ಮಳೆಗಳು ಕೂಡಿ ಸಸಿಯನ್ನು ನೆಲಕ್ಕೆ ಒಪ್ಪಿಸುತ್ತವೆ. ಹೀಗೆ ನೆಟ್ಟವುಗಳಲ್ಲಿ ನಮ್ಮಲ್ಲಿ ಸತ್ತದ್ದು ಒಂದು ಪಾರಿಜಾತ ಮಾತ್ರ, ಅದನ್ನೂ ಕೊಂದದ್ದು ಪಕ್ಕದ ಮನೆ ಕಟ್ಟುವಾಗ ಸುರಿದ ಸಿಮೆಂಟಿನ ನೀರು.

ಮೊದಲ ಎರಡು ಬೇಸಿಗೆ ದಾಟಿಸುವುದೇ ಆರೈಕೆಯ ಮುಕ್ಕಾಲು ಪಾಲು. ದಿನವೂ ಒಂದು ಚೊಂಬು ನೀರು ಹಾಕುವುದಕ್ಕಿಂತ ವಾರಕ್ಕೊಮ್ಮೆ ಎರಡು ಕೊಡ ಹಾಕುವುದು ಮೇಲು, ಏಕೆಂದರೆ ಮೇಲ್ಮೇಲೆ ನೀರು ಸಿಕ್ಕರೆ ಬೇರು ಕೆಳಗಿಳಿಯುವ ಕಷ್ಟಪಡುವುದಿಲ್ಲ. ನಾವು ಪ್ರತಿ ಗಿಡದ ಪಕ್ಕದಲ್ಲಿ ಒಂದು ಹಳೆಯ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ಅದಕ್ಕೆ ನೀರು ತುಂಬಿ ಮುಚ್ಚಳ ಇಡುತ್ತೇವೆ. ಮಡಕೆಯ ಗೋಡೆಯಿಂದ ಜಿನುಗುವ ತೇವವನ್ನು ಬೇರು ತಾನೇ ಹುಡುಕಿಕೊಂಡು ಬರುತ್ತದೆ. ಪಾತಿಗೆ ತರಗೆಲೆ, ತೆಂಗಿನ ಸಿಪ್ಪೆ ಹೊದಿಸುತ್ತೇವೆ. ಆದರೆ ಅದು ಕಾಂಡಕ್ಕೆ ತಗುಲದಂತೆ ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ಗೆದ್ದಲನ್ನು ಕರೆದು ಮಣೆ ಹಾಕಿದಂತೆ. ಕುಡಿಯುವ ನೀರಿನ ಫಿಲ್ಟರಿನಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವವರನ್ನು ಕಂಡಿದ್ದೇನೆ. ನಮ್ಮ ಕೊಳವೆಬಾವಿಗಳ ನೀರೇ ಗಡಸು, ಅದರ ಉಪ್ಪೆಲ್ಲ ಸೇರಿ ಬರುವ ನೀರು ಅದು. ನೆಲ ಒರೆಸಲು ಇರಲಿ.

ಹುಳಗಳ ವಿಷಯದಲ್ಲಿ ಕೈಕಟ್ಟಿ ಕೂರುವುದನ್ನು ನಾನು ತಡವಾಗಿ ಕಲಿತೆ. ಹೊಂಗೆಯ ಎಲೆಯ ಮೇಲೆ ಬೆರಳಿನಂತೆ ಏಳುವ ಹಸಿರು ಗಂಟುಗಳನ್ನು ಕಂಡು ರೋಗವೆಂದು ಹೆದರಿದ್ದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಕಟ್ಟಿಸಿಕೊಳ್ಳುವ ಮನೆಗಳವು, ಮರಕ್ಕೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಕರಿಬೇವಿನ ಎಲೆಯ ಮೇಲೆ ಒಣಗಿದ ಹಕ್ಕಿ ಹಿಕ್ಕೆಯಂತೆ ಕಾಣುವುದು ನಾಲ್ಕು ದಿನ ಬಿಟ್ಟು ನೋಡಿದರೆ ಕಡುಹಸಿರು ಹುಳುವಾಗಿರುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಕಮಟು ವಾಸನೆ ಬಿಡುವ ಅದು ಮುಂದೆ ಬಿಳಿ ಚುಕ್ಕೆಗಳ ಸಾಲಿರುವ ಕರಿ ಚಿಟ್ಟೆಯಾಗುತ್ತದೆ. ಒಗ್ಗರಣೆಗೆ ಬೇಕಾದಷ್ಟು ಎಲೆ ಆಮೇಲೂ ಉಳಿಯುತ್ತದೆ. ಕಕ್ಕೆಯ ಎಲೆಯನ್ನು ಹಳದಿಬಿಳಿ ಚಿಟ್ಟೆಯ ಹುಳುಗಳು ಒಮ್ಮೊಮ್ಮೆ ಬೋಳಿಸಿಬಿಡುವುದುಂಟು, ಆದರೆ ಮಳೆ ಬಿದ್ದ ಹದಿನೈದು ದಿನಕ್ಕೆ ಅದು ಮತ್ತೆ ಚಿಗುರುತ್ತದೆ.

ಬಿದ್ದ ಹೊಂಗೆಯ ಜಾಗದಲ್ಲೇ ಮರುವರ್ಷ, ನಮ್ಮ ಊರಿನ ಹೊಲದ ಬದುವಿನ ಮರದಿಂದ ತಂದ ಮೂರು ಬೀಜಗಳನ್ನು ಊರಿದೆ. ಮೂರೂ ಮೊಳೆತವು, ಗಟ್ಟಿಯಾದದ್ದೊಂದನ್ನು ಉಳಿಸಿ ಎರಡನ್ನು ಕಿತ್ತೆ. ಮೊದಲ ವರ್ಷವಿಡೀ ಅದು ಮೊಳದುದ್ದ ಮೀರಲಿಲ್ಲ, ನರ್ಸರಿಯಿಂದ ತಂದಿದ್ದರೆ ಇಷ್ಟು ಹೊತ್ತಿಗೆ ಆಳೆತ್ತರವಾಗುತ್ತಿತ್ತು ಎಂದು ಮನೆಯಲ್ಲಿ ಮಾತೂ ಕೇಳಿಸಿಕೊಂಡೆ. ಈಗ ಅದಕ್ಕೆ ಆರು ವರ್ಷ. ಊರುಗೋಲು ಕಂಡಿಲ್ಲ, ಮೂರನೆಯ ಬೇಸಿಗೆಯಿಂದ ಈಚೆಗೆ ನೀರೂ ಕಂಡಿಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿಸಿ ಎದುರು ಮನೆಯವರ ಗೊಣಗಾಟಕ್ಕೆ ಕಾರಣವಾಗಿ, ಯುಗಾದಿಗೆ ಎಣ್ಣೆ ಸವರಿದಂಥ ತಿಳಿಹಸಿರು ಚಿಗುರು ಹೊದೆಯುತ್ತದೆ. ಕಳೆದ ಬೇಸಿಗೆಯಲ್ಲಿ ಮೊದಲ ಬಾರಿ ಹೂ ಬಿಟ್ಟು ಕಾಯಿ ಕಟ್ಟಿತು. ಗೊಣಗುತ್ತಿದ್ದ ಆ ಮನೆಯವರೇ ತಮ್ಮ ಹಿತ್ತಲಿಗೊಂದು ಸಸಿ ಮಾಡಿಕೊಡಿ ಎಂದು ಕೇಳಿದಾಗ, ಸಸಿ ಮಾಡಿಕೊಡುವುದಿಲ್ಲ ಎಂದು ಹೇಳಿ ಮೂರು ಕಾಯಿ ಕೊಟ್ಟು ಬಂದಿದ್ದೇನೆ.